ಗಂಡಸರ ಹೊಂದಿಕೆ

"ಗಂಡಸರದ್ದಾ?" ದಿಲ್ಶಾದ್‌ಬಿ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಗಂಡಸರ ಹೊಂದಿಕೆ ಅಂತ ಒಂದು ಇರುತ್ತೇನಮ್ಮಾ? ಈ ಅಂಗಡಿ ನಮ್ಮಜ್ಜಿ ಕಾಲದ್ದು. ಇವತ್ತಿನ ತನಕ ಯಾರೂ ಕೇಳಿದ್ದಿಲ್ಲ."

ಅಂಗಡಿಯಲ್ಲಿ ಆಗ ಒಂದು ಮದುವೆ ಹೆಣ್ಣು, ಅವಳ ಅಮ್ಮ, ಅವಳ ಸೋದರತ್ತೆ ಕೂತಿದ್ದರು. ಹೆಣ್ಣಿನ ಮಡಿಲ ತುಂಬ ಅರಗಿನ ಬಣ್ಣದ ಹೊಂದಿಕೆಗಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಬಳೆ ಆರಿಸುವವಳ ಹಾಗೆ. ಮೂವರೂ ನನ್ನ ಕಡೆ ತಿರುಗಿದರು. ಸೋದರತ್ತೆಗೆ ನಗು ತಡೆಯಲಾಗಲಿಲ್ಲ.

"ಮನೆಯವರಿಗಾ? ಯಾವ ಬೀದಿಗೆ ಕೊಟ್ಟು ಮದುವೆ ಮಾಡ್ತಿದ್ದೀರಮ್ಮಾ ಅವರನ್ನ?"

"ಸುಣ್ಣದ ಬೀದಿಗೆ," ಅಂದೆ. "ಮದುವೆ ಆಗಿ ಬಹಳ ಕಾಲ ಆಯ್ತು. ಈಗ ಕಳಿಸ್ಕೊಡ್ತಿದ್ದೀನಿ."

ನಕ್ಕರು. ನಗಲಿ ಬಿಡಿ, ಹೊಟ್ಟೆಯಲ್ಲಿ ಬೆಂಕಿ ಇರದಿದ್ದರೆ ನಾನೂ ನಗುತ್ತಿದ್ದೆ. ಆದರೆ ಅವತ್ತು ನಾನು ಚಪ್ಪಲಿಯನ್ನು ಕೂಡ ಅದಲು ಬದಲು ಮೆಟ್ಟಿಕೊಂಡು ಬಂದಿದ್ದೆ, ಅಷ್ಟು ಸಿಟ್ಟು.

ನಮ್ಮೂರಲ್ಲಿ ಬೀದಿಗೊಂದು ತೂತು. ಗೋಡೆಯಲ್ಲಿ ಕರೆಂಟು ಬರುವ ತೂತಿನ ಮಾತು ಹೇಳುತ್ತಿದ್ದೇನೆ. ನನ್ನ ಗಂಡನ ಮನೆಯಿರುವ ಗಾಣದ ಬೀದಿಯಲ್ಲಿ ಮೂರು ದುಂಡನೆಯ ತೂತು, ಬಾಯಿ ಕಳೆದು ಬೆಕ್ಕಸ ಬೆರಗಾದ ಮುಖದ ಹಾಗೆ. ಹೊಳೆಯಾಚೆ ನನ್ನ ತವರು ಸುಣ್ಣದ ಬೀದಿ. ಅಲ್ಲಿ ಎರಡು ಓರೆ ಸೀಳು, ಕೆಳಗೊಂದು ನೆಟ್ಟಗಿನ ಸೀಳು. ಗಂಟಿಕ್ಕಿದ ಹುಬ್ಬು, ಮೂಗು. ಸುಣ್ಣದ ಬೀದಿಯ ಹೆಣ್ಣುಗಳಿಗೆ ಸಿಟ್ಟು ಜಾಸ್ತಿ, ಅವರ ಗೋಡೆಗಳೇ ಹಾಗೆ ಅಂತ ಗಾಣದ ಬೀದಿಯವರು ಆಡಿಕೊಳ್ಳುತ್ತಾರೆ. ಮಡಕೆ ಬೀದಿಯದು ಬೇರೆ, ಹಿತ್ತಾಳೆ ಬೀದಿಯದು ಇನ್ನೂ ಬೇರೆ. ಯಾವ ಗೌಂಡಿ ಕಟ್ಟಲಿ, ಎಲ್ಲಿಂದ ಬೋರ್ಡು ತಂದು ಕೂರಿಸಲಿ, ಗಾರೆ ಒಣಗುವುದರೊಳಗೆ ತೂತು ಆ ಬೀದಿಯ ಆಕಾರಕ್ಕೆ ಬಂದುಬಿಟ್ಟಿರುತ್ತದೆ. ನಮ್ಮ ಮಾವ ಒಮ್ಮೆ ಹಠ ಹಿಡಿದು ಹಿತ್ತಾಳೆ ಬೀದಿಯಿಂದ ಅಂದದ ಬೋರ್ಡೊಂದನ್ನು ತಂದು ಜಗಲಿಗೆ ಹಾಕಿಸಿದರು. ಮರುದಿನ ನೋಡಿದರೆ ಅದೂ ಬಾಯಿ ಕಳೆದುಕೊಂಡು ಕೂತಿತ್ತು. ಆಮೇಲೆ ಅವರು ಅದಕ್ಕೆ ಕ್ಯಾಲೆಂಡರ್ ತೂಗುಹಾಕಿದರು.

ಹಾಗಾಗಿ ನಮ್ಮಲ್ಲಿ ಪಕ್ಕದ ಬೀದಿಯೂ ಪರದೇಶವೇ. ಪರದೇಶಕ್ಕೆ ಹೋಗುವವರು ಹೊಂದಿಕೆ ಒಯ್ಯಬೇಕು. ಒಂದು ಕಡೆ ಆ ಬೀದಿಯ ತೂತಿಗೆ ಹೋಗುವ ಪಿನ್ನು, ಇನ್ನೊಂದು ಕಡೆ ನಿಮ್ಮ ಬೀದಿಯ ಪ್ಲಗ್ಗು ಹಿಡಿಯುವ ತೂತು, ಹಿಡಿಮುಷ್ಟಿಯಷ್ಟು ದೊಡ್ಡದು. ಇದನ್ನು ಒಯ್ಯುವವರು ಯಾರು? ಹೆಂಗಸರು. ಮದುವೆಯಾಗಿ ಬೀದಿ ದಾಟುವವರು ಅವರೇ ತಾನೆ. ಗಂಡಸರು ದಾಟಿದರೆ ಅಳಿಯನಾಗಿ ದಾಟುತ್ತಾರೆ, ಮೊಬೈಲು ತುಂಬಿಸಿಕೊಂಡು ಹೋಗಿ, ಹೋಳಿಗೆ ತಿಂದು, ಅದು ಖಾಲಿಯಾಗುವ ಮೊದಲು ವಾಪಸಾಗುತ್ತಾರೆ. ಹೊಂದಿಕೆ ಎನ್ನುವ ಮಾತನ್ನೂ ಗಂಡಸರು ನಾಲಿಗೆಗೆ ತಂದುಕೊಳ್ಳುವುದಿಲ್ಲ. "ಅದು" ಅನ್ನುತ್ತಾರೆ. ತೀರಾ ಬೇಕೆಂದರೆ "ಹೆಂಗಸರ ಸಾಮಾನು" ಅನ್ನುತ್ತಾರೆ.

ನಾನು ಮದುವೆಯಾಗಿ ಬಂದಾಗ ನಮ್ಮವ್ವ ಕೊಟ್ಟ ಮಿಕ್ಸಿ ತಂದಿದ್ದೆ. ಹೊಸ್ತಿಲಲ್ಲಿ ಅಕ್ಕಿ ಸೇರು ಒದ್ದು ಒಳಗೆ ಕಾಲಿಟ್ಟ ಕೂಡಲೇ ಅತ್ತೆ ಕೇಳಿದ ಮೊದಲ ಮಾತು, "ಹೊಂದಿಕೆ ತಂದೀಯೇನಮ್ಮಾ?" ತಂದಿದ್ದೆ. ಕೆಂಪು ಅರಗಿನದು, ಹಸಿರು ದಾರ ಸುತ್ತಿದ್ದು, ಕೆಳಗೆ ಸಣ್ಣ ಗೆಜ್ಜೆ. ಗೆಜ್ಜೆ ಅಂದಕ್ಕೆ ಅಂತ ತಿಳಿದಿದ್ದೆ. ಮಿಕ್ಸಿ ಹಾಕಿದಾಗಲೆಲ್ಲ ಅದು ಅದುರಿ ಗೆಜ್ಜೆ ಝಲ್ ಅನ್ನುತ್ತಿತ್ತು, ಜಗಲಿಯಿಂದ ಅತ್ತೆಯ ಧ್ವನಿ ಬರುತ್ತಿತ್ತು: "ಈಗೇನು ರುಬ್ತಿದ್ದೀಯಾ?" ಆಮೇಲೆ ಅರ್ಥವಾಯಿತು, ಸೊಸೆ ಯಾವಾಗ ಕರೆಂಟು ಮುಟ್ಟುತ್ತಾಳೆಂದು ಮನೆಗೆಲ್ಲ ಗೊತ್ತಾಗಲಿ ಅಂತ ಕಟ್ಟುವ ಗೆಜ್ಜೆ ಅದು. ಒಂದು ದಿನ ಹೊಂದಿಕೆ ಸಡಿಲವಾಗಿ ಕಿಡಿ ಹಾರಿ ನನ್ನ ಹೆಬ್ಬೆರಳು ಸುಟ್ಟಿತು. ಬೊಬ್ಬೆಗೆ ಎಣ್ಣೆ ಹಚ್ಚುತ್ತಾ ಅತ್ತೆ ಅಂದದ್ದು, "ಸುಣ್ಣದ ಬೀದಿಯವರಿಗೆ ಹೊಂದಿಕೊಂಡು ಹೋಗೋದಕ್ಕೇ ಬರಲ್ಲ." ಗೋಡೆಗೆ ಯಾರೂ ಏನೂ ಅನ್ನಲಿಲ್ಲ.

ಅತ್ತೆ ಹೋದರು. ಆ ಮಾತು ಹೋಗಲಿಲ್ಲ. ಅದನ್ನು ಈಗ ನನ್ನ ನಾದಿನಿ ಕಸ್ತೂರಮ್ಮ ಆಡುತ್ತಾಳೆ, ನನ್ನ ಗಂಡನಿಗಿಂತ ದೊಡ್ಡವಳು, ಪಕ್ಕದ ಮನೆಯಲ್ಲೇ ಇರುವವಳು.

ಇಷ್ಟಕ್ಕೂ ಆದದ್ದೇನೆಂದರೆ, ನನ್ನ ತಂಗಿ ಪ್ರಭಾಳಿಗೆ ತಿಂಗಳು ತುಂಬುತ್ತಿತ್ತು. ಅವಳನ್ನು ಸುಣ್ಣದ ಬೀದಿಯಲ್ಲೇ ಕೊಟ್ಟಿದ್ದು, ಪುಣ್ಯಕ್ಕೆ ಅವಳಿಗೆ ಯಾವ ಹೊಂದಿಕೆಯೂ ಬೇಕಾಗಲಿಲ್ಲ. ಆದರೆ ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಜಾರಿತ್ತು. ಮೂರನೆಯದಕ್ಕೆ ಡಾಕ್ಟರಮ್ಮ ಮಂಚ ಬಿಟ್ಟು ಇಳಿಯಬೇಡ ಅಂದಿದ್ದರು. ನಮ್ಮವ್ವ ಇದ್ದಿದ್ದರೆ ಅವಳು ನೋಡಿಕೊಳ್ಳುತ್ತಿದ್ದಳು. ಅವ್ವ ಇಲ್ಲ. ಫೋನಿನಲ್ಲಿ ಪ್ರಭಾ ಅತ್ತಿರಲಿಲ್ಲ, ಅವಳು ಅಳುವ ಪೈಕಿ ಅಲ್ಲ. "ಅಕ್ಕಾ, ಈ ಸಲ ನೀನು ಪಕ್ಕದಲ್ಲಿರಬೇಕು" ಅಂದಳು ಅಷ್ಟೆ. ಕೂಸು ಬಂದು, ಬಾಣಂತನ ಮುಗಿಯುವ ತನಕ ನಾನು ಹೋಗಿ ಇರಬೇಕು. ಅಷ್ಟು ದಿನ ನಾನು ಈ ಮನೆ ಬಿಟ್ಟು ಇದ್ದದ್ದೇ ಇಲ್ಲ.

ನನ್ನ ಗಂಡ ರುದ್ರಮುನಿಯವರಿಗೆ ಉಬ್ಬಸ. ಬೆಳಿಗ್ಗೆ ಸಂಜೆ ಉಸಿರಿನ ಡಬ್ಬಿ ಹಾಕಿಕೊಳ್ಳಬೇಕು. ಅದೇನು ದೊಡ್ಡ ವಿದ್ಯೆಯಲ್ಲ, ಬಟ್ಟಲಿಗೆ ಔಷಧಿ ಬಿಟ್ಟು ಪ್ಲಗ್ಗು ಚುಚ್ಚಿದರೆ ಹೊಗೆಯ ಹಾಗೆ ಬರುತ್ತದೆ, ಮೂಗಿಗೆ ಹಿಡಿದುಕೊಂಡರಾಯಿತು. ಅಡುಗೆಗೆ ಕಸ್ತೂರಮ್ಮ ಇದ್ದಳು. ನಾನು ವಿಷಯ ತೆಗೆದಾಗ ಇವರು ಪೇಪರಿನಿಂದ ಕಣ್ಣೆತ್ತದೆ ಹೇಳಿದರು:

"ಹೋಗು. ನಾನೇನು ಬೇಡ ಅಂದ್ನಾ?"

ಆಮೇಲೆ ಕೆಮ್ಮಿದರು. ಉಬ್ಬಸದ ಕೆಮ್ಮು ಯಾವುದು, ಬೇಕಂತ ಕೆಮ್ಮುವ ಕೆಮ್ಮು ಯಾವುದು, ನನಗೆ ಚೆನ್ನಾಗಿ ಗೊತ್ತು.

"ಔಷಧಿ ಬಿಟ್ಟುಕೊಡೋರು ಯಾರೂ ಇಲ್ಲ, ಪರವಾಗಿಲ್ಲ. ಹಾಕ್ಕೊಳ್ಳದೆ ಮಲಗ್ತೀನಿ. ಏನಾಗುತ್ತೆ? ಒಂದಿನ ಉಸಿರು ನಿಲ್ಲುತ್ತೆ. ನೀನು ತಂಗಿ ಮನೇಲಿ ಹಾಯಾಗಿರು."

"ಹಾಗಿದ್ರೆ ನೀವೂ ಬನ್ನಿ."

"ಬಂದು? ಡಬ್ಬಿ ಎಲ್ಲಿ ಚುಚ್ಚಲಿ, ನಿನ್ನ ತಂಗಿ ಮೂಗಿಗಾ?"

"ಹೊಂದಿಕೆ ಒಯ್ದರಾಯ್ತು."

ಪೇಪರು ಕೆಳಗಿಳಿಯಿತು. ಮಾವ ಜಗಲಿಯ ಬೋರ್ಡು ನೋಡಿದ ಹಾಗೆ ಇವರು ನನ್ನನ್ನು ನೋಡಿದರು. "ಯಾರು ಒಯ್ಯೋದು? ನಾನಾ? ಅದನ್ನ ಹಿಡ್ಕೊಂಡು ನಾನು ಹೊಳೆ ದಾಟಬೇಕಾ? ದೋಣಿಕಟ್ಟೆಲಿ ಜನ ಏನಂತಾರೆ, ರುದ್ರಮುನಿ ಸೊಸೆಯಾಗಿ ಹೊರಟ ಅಂತಾರೆ."

ಗೋಡೆಯಾಚೆಯಿಂದಲೇ ಕೇಳಿಸಿಕೊಂಡ ಕಸ್ತೂರಮ್ಮ ಹಿತ್ತಲ ಬಾಗಿಲಲ್ಲಿ ಪ್ರತ್ಯಕ್ಷವಾದಳು. "ಅಲ್ಲಾ ನೀಲಾ, ಗಂಡಸಿನ ಕೈಗೆ ಅದನ್ನ ಕೊಡ್ತೀನಿ ಅಂತೀಯಲ್ಲ, ಬೀದಿ ಮರ್ಯಾದೆ ಏನಾಗಬೇಕು? ಅವನಿಗೂ ಹುಷಾರಿಲ್ಲ. ನೀನೇ ಬೆಳಿಗ್ಗೆ ಹೋಗಿ ಸಂಜೆ ದೋಣಿಗೆ ಬಾ. ಸ್ವಲ್ಪ ಹೊಂದಿಕೊಂಡು ಹೋಗು ತಾಯಿ."

ಆಗ ನನಗೆ ಏನಾಯಿತೋ. ಕೈಯಲ್ಲಿ ಸೌಟು ಇತ್ತು. ಬೀಸಲಿಲ್ಲ, ಅದು ನನ್ನ ದೊಡ್ಡತನ. "ಕಸ್ತೂರಕ್ಕಾ," ಅಂದೆ, "ಈ ಮನೆಗೆ ಬಂದ ದಿನದಿಂದ ನಾನು ಹೊಂದಿಕೊಂಡೇ ಹೋಗ್ತಿದ್ದೀನಿ. ನಿಮ್ಮ ತೂತಿಗೆ ಹೊಂದಿಕೊಂಡೆ, ನಿಮ್ಮ ಸಾರಿನ ಹುಳಿಗೆ ಹೊಂದಿಕೊಂಡೆ, ನಿಮ್ಮ ತಮ್ಮನ ಗೊರಕೆಗೆ ಹೊಂದಿಕೊಂಡೆ. ನನ್ನನ್ನ ನೋಡಿದವರು ಇವಳು ಯಾವ ಬೀದಿಯವಳು ಅಂತ ಕೇಳೋದನ್ನೇ ಬಿಟ್ಟಿದ್ದಾರೆ. ಇನ್ನೊಂದು ಸಲ ಆ ಮಾತು ಅಂದ್ರೆ ನಾನು ನಿಮ್ಮ ಹಿತ್ತಲ ಬಾಗಿಲಿಗೆ ಮೊಳೆ ಹೊಡೀತೀನಿ." ಕಸ್ತೂರಮ್ಮ ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು, ಹೇಳಿದೆನಲ್ಲ, ಅದಲು ಬದಲಾಗಿ, ಉಸಿರಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ದಿಲ್ಶಾದ್‌ಬಿಯ ಅಂಗಡಿಗೆ ಬಂದೆ.

ನಗದಿದ್ದವಳು ದಿಲ್ಶಾದ್‌ಬಿ ಒಬ್ಬಳೇ. ಡಬ್ಬಿಯನ್ನು ತಿರುಗಿಸಿ ಬೆನ್ನ ಮೇಲಿನ ಸಣ್ಣ ಅಕ್ಷರಕ್ಕೆ ಮೂಗು ತಾಗಿಸಿ ಓದಿದಳು.

"ಸುಣ್ಣದ ಬೀದಿ ಕರೆಂಟು ಬಿರುಸು, ಗೊತ್ತಲ್ಲ? ನಾನು ಮಾಡೋದು ಮೂತಿಗೆ ಮೂತಿ ಕೂಡಿಸೋದು ಅಷ್ಟೆ. ಬಿರುಸನ್ನ ಇದು ತಗ್ಗಿಸಲ್ಲ. ಒಳಗಿನ ಯಂತ್ರಕ್ಕೆ ತಡ್ಕೊಳ್ಳೋ ಶಕ್ತಿ ಇರಬೇಕು, ಇಲ್ದಿದ್ರೆ ಹೊಂದಿಕೆ ಎಷ್ಟೇ ಚೆನ್ನಾಗಿರಲಿ, ಸುಟ್ಟೇ ಹೋಗುತ್ತೆ." ಮದುವೆ ಹೆಣ್ಣಿನ ಅಮ್ಮ ಯಾಕೋ ನೆಲ ನೋಡಿದಳು. "ಈ ಡಬ್ಬಿ ಎರಡೂ ಬೀದಿ ಕರೆಂಟನ್ನ ತಡೆಯುತ್ತೆ, ಬರೆದಿದೆ. ಪ್ಲಗ್ಗಿಗೆ ಮೂರನೇ ಕಾಲೂ ಇದೆ. ಸರಿ. ಆದರೆ ಇನ್ನೊಂದು ತೊಂದರೆ ಇದೆಯಲ್ಲಮ್ಮಾ."

"ಏನು?"

"ಇದು ಉಲ್ಟಾ." ಹಿಂದಿನ ಗೂಡುಗಳನ್ನು ತೋರಿಸಿದಳು. "ಸುಣ್ಣದ ಬೀದಿ ಪ್ಲಗ್ಗನ್ನ ಗಾಣದ ಬೀದಿ ಗೋಡೆಗೆ ಹಾಕೋದು ಬೇಕಾದಷ್ಟಿದೆ. ಗಾಣದ ಬೀದಿ ಪ್ಲಗ್ಗನ್ನ ಸುಣ್ಣದ ಬೀದಿ ಗೋಡೆಗೆ? ಅಲ್ಲಿಗೆ ಮದುವೆಯಾಗಿ ಹೋಗೋ ನಿಮ್ಮ ಬೀದಿ ಹೆಣ್ಣುಗಳಿಗೆ ಮಾಡಿದ್ದು ಒಂದೆರಡಿದ್ದವು. ಅದು ಬರೀ ಮಿಣುಕು ದೀಪಕ್ಕೆ ಸಾಲೋದು, ಡಬ್ಬಿ ಭಾರ ತಡೆಯಲ್ಲ. ಹೊಸದಾಗಿ ಎರಕ ಹೊಯ್ಯಬೇಕು. ಬಿಡಿ, ಮಾಡಿಕೊಡ್ತೀನಿ."

"ಗಂಡಸರ ಥರ ಮಾಡು," ಅಂದೆ. "ಕೆಂಪು ಬೇಡ. ದಾರ ಬೇಡ."

"ಕಪ್ಪು ಬಣ್ಣ ಹಚ್ಚಬೇಕಾ? ಮೀಸೆ ಬರೀಬೇಕಾ?" ಅಂದಳು ಸೋದರತ್ತೆ. ಈ ಸಲ ಮದುವೆ ಹೆಣ್ಣು ನಗಲಿಲ್ಲ. ಕೈಯಲ್ಲಿದ್ದ ಹೊಂದಿಕೆಯ ಗೆಜ್ಜೆಯನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ, "ಇದು ಯಾಕೆ ಇರುತ್ತೆ ಚಿಗವ್ವಾ?" ಅಂತ ನನ್ನನ್ನೇ ಕೇಳಿದಳು. ನಾನು ಹೇಳಿದೆ. ಅವಳು ಅದನ್ನು ಮಡಿಲಿನಿಂದ ತೆಗೆದು ದೂರ ಇಟ್ಟಳು. ಅವಳ ಅಮ್ಮ ಮತ್ತೆ ಎತ್ತಿ ಮಡಿಲಿಗೆ ಹಾಕಿದಳು.

ಹೊಂದಿಕೆ ತರಲು ಹೋದಾಗ ದಿಲ್ಶಾದ್‌ಬಿಯ ಮುಖ ಪೆಚ್ಚಾಗಿತ್ತು. ಕಾಗದದ ಪೊಟ್ಟಣ ಬಿಚ್ಚಿದಳು. ಕೆಂಪು ಅರಗು, ಹಸಿರು ದಾರ, ಕೆಳಗೆ ಗೊಂಚಲು ಗೆಜ್ಜೆ. ಮದುಮಗಳ ಹಾಗೆ ಮಿರಮಿರ ಮಿಂಚುತ್ತಿತ್ತು.

"ಕೈ ಅಭ್ಯಾಸ ತಾಯಿ. ಮಾತಾಡ್ತಾ ಮಾತಾಡ್ತಾ ಕೈ ತನ್ನ ಪಾಡಿಗೆ ಕಟ್ಟಿಬಿಟ್ಟಿದೆ. ಕಿತ್ತು ಕೊಡ್ತೀನಿ, ಒಂದು ನಿಮಿಷ ಕೂತ್ಕೊಳ್ಳಿ."

ನಾನು ಅದನ್ನು ಕೈಗೆ ತೆಗೆದುಕೊಂಡೆ. ಅಲ್ಲಾಡಿಸಿದೆ. ಝಲ್ ಅಂತು. ನನ್ನ ಹೆಬ್ಬೆರಳ ಹಳೆಯ ಕಲೆ ಜುಮ್ಮೆಂದಿತು.

"ಬೇಡ," ಅಂದೆ. "ಇರಲಿ ಹಾಗೇ."

ಮನೆಗೆ ತಂದು ಇವರ ಮುಂದೆ ಇಟ್ಟೆ. ಇಟ್ಟದ್ದೇ ತಡ, ಹಾವು ಕಂಡವರ ಹಾಗೆ ಕಾಲು ಮೇಲೆತ್ತಿಕೊಂಡರು. ಆಮೇಲೆ ಕೋಲಿನಿಂದ ತಳ್ಳಿದರು. ಅದು ಝಣಝಣ ಅನ್ನುತ್ತ ಉರುಳಿ ಅಂಗಳಕ್ಕೆ ಬಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

"ಗೆಜ್ಜೆ ಬೇರೆ!" ಅಂದರು. "ನನಗೆ ಗೆಜ್ಜೆ ಕಟ್ಟಿಸ್ತೀಯಾ? ನಾನು ಬರಲ್ಲ. ನೀನೂ ಹೋಗಬೇಡ. ಸಾಕು ಈ ಆಟ. ನಿನ್ನ ತಂಗಿಗೆ ಗಂಡ ಇದ್ದಾನೆ, ಅವನು ನೋಡ್ಕೊಳ್ತಾನೆ."

"ಅವನು ನೋಡ್ಕೊಂಡ ಹಾಗೇ ನೀವು ನಿಮ್ಮ ಡಬ್ಬಿ ನೋಡ್ಕೊಳ್ಳಿ."

"ನಾನು ಸತ್ತರೆ?"

"ನೋಡಿ," ಅಂದೆ. ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸಿತು. "ಅಲ್ಲಿ ಒಂದು ಜೀವ ಬರೋಕೆ ಒದ್ದಾಡ್ತಿದೆ. ಇಲ್ಲಿ ನೀವು ಒಂದು ಪ್ಲಗ್ಗು ಚುಚ್ಚೋಕೆ ಒದ್ದಾಡ್ತಿದ್ದೀರಿ. ಔಷಧಿ ಬಟ್ಟಲ ಪಕ್ಕದಲ್ಲಿಟ್ಟಿದ್ದೀನಿ. ಅಡುಗೆ ಕಸ್ತೂರಕ್ಕ ಮಾಡ್ತಾರೆ. ಇರ್ತೀನಿ ಅಂದ್ರೆ ಇರಿ, ಬರ್ತೀನಿ ಅಂದ್ರೆ ಬನ್ನಿ. ಹೊಂದಿಕೆ ಮುಟ್ಟೋಕೆ ನಾಚಿಕೆಯಾದ್ರೆ ನಿಮ್ಮ ಗೋಡೆನೇ ಕಿತ್ತು ಹೆಗಲ ಮೇಲಿಟ್ಕೊಂಡು ಬನ್ನಿ!"

ಅಂಗಳಕ್ಕಿಳಿದು ಹೊಂದಿಕೆ ಎತ್ತಿಕೊಂಡು, ಸೆರಗಿನಲ್ಲಿ ಮಣ್ಣು ಒರೆಸಿ, ಚೀಲಕ್ಕೆ ಹಾಕಿಕೊಂಡೆ. ಬಿಟ್ಟು ಬರಲು ಮನಸ್ಸಾಗಲಿಲ್ಲ, ದಿಲ್ಶಾದ್‌ಬಿ ಕಷ್ಟಪಟ್ಟು ಎರಕ ಹೊಯ್ದದ್ದು. ದೋಣಿಯಲ್ಲಿ ಕೂತಾಗ ಚೀಲದೊಳಗಿಂದ ಅದು ಹುಟ್ಟಿನ ಪೆಟ್ಟಿಗೆಲ್ಲ ಸಣ್ಣಗೆ ಮಾತಾಡುತ್ತಿತ್ತು. ಪಕ್ಕದ ಹೆಂಗಸು, "ಹೊಸ ಸೊಸೇನಾ?" ಅಂತ ಕೇಳಿದಳು. "ನಾನಲ್ಲ" ಅಂದೆ.

ಪ್ರಭಾ ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ನನ್ನನ್ನು ನೋಡಿ, "ಬಂದೆಯಾ? ಭಾವ ಬಿಟ್ಟರಾ?" ಅಂದಳು. "ನಾನು ಬಿಟ್ಟೆ" ಅಂದೆ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗಿದ್ದವರು ಒಂದು ಒದೆ ಕೊಟ್ಟರು. ಹಾಗೇ ಇರಬೇಕು ನೋಡು, ಅಂದುಕೊಂಡೆ, ಹೊರಗೆ ಬಂದ ಮೇಲೂ.

ಅಲ್ಲಿ ಒಂದು ಸುಖ ಇತ್ತು. ನನ್ನ ಮೊಬೈಲಿನ ಪ್ಲಗ್ಗು ಸುಣ್ಣದ ಬೀದಿಯದೇ, ತವರಿನ ಗುರುತಿಗೆ ಅಂತ ಇಟ್ಟುಕೊಂಡದ್ದು. ಅದನ್ನು ನೇರವಾಗಿ ಗೋಡೆಗೆ ಚುಚ್ಚಿದೆ. ನಡುವೆ ಏನೂ ಇಲ್ಲ. ಟಕ್ ಅಂತ ಕೂತಿತು. ನಗಬೇಡಿ, ಸುಮ್ಮನೆ ತೆಗೆದು ಮತ್ತೊಮ್ಮೆ ಚುಚ್ಚಿದೆ. ಎಷ್ಟು ಕಾಲವಾಗಿತ್ತು, ಏನನ್ನೂ ನಡುವೆ ಇಡದೆ ಒಂದು ಗೋಡೆಯ ಜೊತೆ ಮಾತಾಡಿ.

ಮೊದಲೆರಡು ದಿನ ಇವರ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ, ಆದರೆ ಕಸ್ತೂರಮ್ಮನಿಗೆ ಮಾಡಿ ಕೇಳುತ್ತಿದ್ದೆ. "ತಾನೇ ಹಾಕ್ಕೊಳ್ತಿದ್ದಾನೆ ಡಬ್ಬಿನ," ಅಂದಳು ಅವಳು, ಒಪ್ಪಿಕೊಳ್ಳಲು ಇಷ್ಟವಿಲ್ಲದ ಧ್ವನಿಯಲ್ಲಿ. "ಚೆನ್ನಾಗೇ ಹಾಕ್ಕೊಳ್ತಾನೆ." ಇನ್ನೊಂದು ದಿನ ಮಾಡಿದಾಗ ಅವಳ ಸ್ವರವೇ ಬೇರೆಯಾಗಿತ್ತು. "ನೀಲಾ, ನನ್ನನ್ನ ಏನೂ ಕೇಳಬೇಡ. ಬೆಳಿಗ್ಗೆಯಿಂದ ಧೂಳು ಕುಡಿದು ಕುಡಿದು ನನಗೇ ಉಬ್ಬಸ ಬಂದಿದೆ. ಅಲ್ಲಿಗೇ ಬರ್ತಿದ್ದಾನೆ. ಕಣ್ಣಾರೆ ನೋಡ್ಕೋ." ಫೋನಿಟ್ಟಳು.

ದೋಣಿ ಬಂದ ಮೇಲೆ ಬೀದಿಯ ಆ ತುದಿಯಲ್ಲಿ ಇವರು ಕಂಡರು. ಒಂದು ಕೈಯಲ್ಲಿ ಡಬ್ಬಿಯ ಚೀಲ. ಹೆಗಲ ಮೇಲೆ ಟವೆಲ್ ಸುತ್ತಿದ ಏನೋ ಒಂದು, ಭಾರಕ್ಕೆ ಒಂದು ಪಕ್ಕ ಬಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಬರುತ್ತಿದ್ದರು. ಜಗಲಿಗೆ ಹತ್ತಿ, ಅದನ್ನು ಧೊಪ್ಪನೆ ಇಳಿಸಿ, ಟವೆಲ್ ತೆಗೆದರು. ನಮ್ಮ ಮನೆ ಗೋಡೆ. ಹಸಿರು ಬಣ್ಣ ಬಳಿದ ಗಾರೆ, ಎರಡು ಇಟ್ಟಿಗೆಯ ಚೂರು, ನಡುವೆ ಬಾಯಿ ಕಳೆದು ನಿಂತ ಮೂರು ದುಂಡು ತೂತು. ಹಿಂಬದಿಯಿಂದ ಬಾಲದ ಹಾಗೆ ಒಂದು ವಯರು.

"ನೀನೇ ಹೇಳಿದ್ದಲ್ಲ, ಗೋಡೆ ತಗೊಂಡು ಬನ್ನಿ ಅಂತ," ಅಂದರು, ಏದುಸಿರಿನ ನಡುವೆಯೂ ಗೆದ್ದವರ ಹಾಗೆ. "ತಂದಿದ್ದೀನಿ. ಅದು ಗಿದು ಏನೂ ನಾನು ತಂದಿಲ್ಲ, ಹೇಳಿರ್ತೀನಿ. ಇದು ನಮ್ಮ ಮನೆ ಗೋಡೆ. ನನ್ನ ಡಬ್ಬಿ ನನ್ನ ಗೋಡೆಗೇ ಚುಚ್ತೀನಿ."

ಸಿಟ್ಟಿನಲ್ಲಿ ಅಂದದ್ದನ್ನು ಒಬ್ಬ ಮನುಷ್ಯ ಮಾಡಿಯೇ ಬಿಡುತ್ತಾನೆ ಅಂತ ಯಾರು ತಿಳಿಯುತ್ತಾರೆ? ಉಬ್ಬಸದ ಮನುಷ್ಯ ಹಾರೆ ಹಿಡಿದು ಗೋಡೆ ಒಡೆದಿದ್ದಾರೆ. ಮುಷ್ಟಿಯಷ್ಟರ ಹೊಂದಿಕೆ ಭಾರವಾಯಿತು ಇವರಿಗೆ, ಗೋಡೆ ಹಗುರವಾಯಿತು! ಕನಿಕರವೂ ಬಂತು, ಬರಲಿಲ್ಲ ಅಂತ ಹೇಳುವುದಿಲ್ಲ. ಅಷ್ಟರಲ್ಲಿ ವಯರಿನ ತುದಿ ನೋಡಿದೆ. ಅಲ್ಲಿ ಸುಣ್ಣದ ಬೀದಿಯ ಪ್ಲಗ್ಗು. ಬಿಳಿ ಹೋಗಿ ಹಳದಿಯಾದದ್ದು, ಒಂದು ಮೂಲೆ ಚಕ್ಕೆಯೆದ್ದದ್ದು.

"ಇದು ನನ್ನ ಮಿಕ್ಸಿಯದು," ಅಂದೆ.

ಇವರು ಹೊಳೆಯ ಕಡೆ ನೋಡಿದರು.

"ನಮ್ಮವ್ವ ಕೊಟ್ಟ ಮಿಕ್ಸಿಯದು. ಬಾಲ ಕತ್ತರಿಸಿದ್ರಾ?"

"ಇನ್ನೆಲ್ಲಿಂದ ತರಲಿ? ಈ ಗೋಡೆಗೆ ಹೋಗಬೇಕಲ್ಲ? ಅಂಗಡಿಗೆ ನಾನು ಹೋಗೋಕಾಗುತ್ತಾ, ಆ ಹೆಂಗಸರ ನಡುವೆ?"

"ಕೇಳಬಹುದಿತ್ತು."

"ಮಿಕ್ಸಿ ಅಲ್ವಾ, ಬೇರೆ ತಂದರಾಯ್ತು. ನಮ್ಮ ಬೀದಿ ಪ್ಲಗ್ಗಿನದೇ ತರೋಣ. ನಿನಗೂ ಸುಲಭ."

ಸುಲಭ! ಇಷ್ಟು ವರ್ಷದ ಮೇಲೆ ಈ ಮನುಷ್ಯನಿಗೆ ನನ್ನ ಸುಲಭ ನೆನಪಾಯಿತು, ಅದೂ ಕತ್ತರಿಸಿದ ಮೇಲೆ. ನಾನು ಒಳಗೆ ಹೋಗಿ ಪ್ರಭಾಳ ಕಾಲು ಒತ್ತುತ್ತ ಕೂತೆ. "ಮೆಲ್ಲಗೆ ಅಕ್ಕಾ," ಅಂದಳು ಅವಳು, "ಅದು ನನ್ನ ಕಾಲು, ಭಾವನ ಕತ್ತಲ್ಲ."

ಆ ಸಂಜೆ ಡಬ್ಬಿ ನಡೆಯಿತು. ಗೋಡೆಯ ತುಂಡನ್ನು ಕುರ್ಚಿಯ ಮೇಲೆ ಕೂರಿಸಿ, ನನ್ನ ಮಿಕ್ಸಿಯ ಬಾಲವನ್ನು ಸುಣ್ಣದ ಬೀದಿಯ ಗೋಡೆಗೆ ಚುಚ್ಚಿ, ತಮ್ಮ ಗೋಡೆಗೆ ಡಬ್ಬಿ ಚುಚ್ಚಿ, ಮೂಗಿಗೆ ಹಿಡಿದುಕೊಂಡು ಕೂತರು. ಬೀದಿಯವರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. "ಗೋಡೆ ಹೊತ್ತು ಬಂದ ಅಳಿಯ" ಅಂತ ಹೆಸರಾಯಿತು. ಇವರಿಗೆ ಅದು ಹೊಗಳಿಕೆ ಅನ್ನಿಸಿರಬೇಕು, ಮೀಸೆ ತಿರುವಿದರು.

ಮರುದಿನ ಬೆಳಿಗ್ಗೆ ನಾನು ಪ್ರಭಾಳಿಗೆ ಗಂಜಿ ಮಾಡುತ್ತಿದ್ದಾಗ ಜಗಲಿಯಿಂದ ಟಕಟಕ ಸದ್ದು ಕೇಳಿಸಿತು. ಹೋಗಿ ನೋಡಿದೆ. ಇವರು ಡಬ್ಬಿಯ ಪ್ಲಗ್ಗು ಹಿಡಿದುಕೊಂಡು ಗೋಡೆಯ ತುಂಡಿಗೆ ಒತ್ತುತ್ತಿದ್ದರು. ಹೋಗುತ್ತಿರಲಿಲ್ಲ. ಹೋಗುವುದಾದರೂ ಹೇಗೆ? ಹಸಿರು ಗಾರೆಯ ನಡುವೆ ಆ ಬೆರಗಿನ ಮುಖ ಇರಲಿಲ್ಲ. ಎರಡು ಓರೆ ಸೀಳು, ಕೆಳಗೊಂದು ನೆಟ್ಟಗಿನ ಸೀಳು. ಗಾಣದ ಬೀದಿಯ ಗೋಡೆ ಸುಣ್ಣದ ಬೀದಿಯ ಹುಬ್ಬು ಗಂಟಿಕ್ಕಿ ಇವರನ್ನೇ ನೋಡುತ್ತಿತ್ತು.

"ನಮ್ಮ ಗೋಡೆ," ಅಂದರು ಇವರು. ಕೆಮ್ಮಿದರು. ಅದು ನಿಜವಾದ ಕೆಮ್ಮು. "ನಮ್ಮ ಗೋಡೆ ಹೀಗೆ ಮಾಡಬಹುದಾ?"

"ಗೋಡೆ ಅಲ್ವಾ. ಬಂದ ಬೀದಿಗೆ ತಕ್ಕ ಹಾಗೆ ಆಯ್ತು."

ಹೊಳೆಯ ಕಡೆಯಿಂದ ದೋಣಿಯವನ ಕೊಂಬು ಕೂಗಿತು. ಇವರು ತಟ್ಟನೆ ಎದ್ದರು. "ನಡಿ, ಹೊರಡೋಣ. ಮನೆಗೆ ಹೋಗಿ ಹಾಕ್ಕೊಳ್ತೀನಿ. ನೀನೂ ಬಾ. ನಾಳೆ ಬೇಕಾದರೆ ಮತ್ತೆ ಬಾ."

ಒಳಗೆ ಪ್ರಭಾಳ ಮಂಚ ಕಿರ್ ಅಂತು. ಅವಳು ಕೇಳಿಸಿಕೊಳ್ಳುತ್ತಿದ್ದಳು, ಉಸಿರು ಬಿಗಿಹಿಡಿದು. ನನ್ನ ಕೈಯಲ್ಲಿ ಗಂಜಿಯ ಚಮಚ ಇತ್ತು. ಮತ್ತೊಮ್ಮೆ ಕೊಂಬು ಕೂಗಿತು.

"ನೀವು ಹೋಗಿ," ಅಂದೆ. "ನಾನು ಬರಲ್ಲ."

"ನನಗೆ ಉಸಿರು ಕಟ್ತಿದೆ ನೀಲಾ."

"ಗೊತ್ತು. ಕೇಳಿಸ್ತಿದೆ. ಉಸಿರು ಬಿಡೋ ದಾರಿ ಈ ಮನೆಯಲ್ಲೇ ಇದೆ. ಅದೂ ನಿಮಗೆ ಗೊತ್ತು."

ಒಳಗಿನಿಂದ ಪ್ರಭಾ ಕೂಗಿದಳು, "ಭಾವಾ, ಸ್ವಲ್ಪ ಹೊಂದಿಕೊಂಡು ಹೋಗಬೇಕಪ್ಪಾ!" ಎಷ್ಟು ಮುದ್ದಾಗಿ ಅಂದಳೆಂದರೆ ಕಸ್ತೂರಮ್ಮನೇ ಮಂಚದ ಮೇಲೆ ಮಲಗಿದ್ದಾಳೇನೋ ಅನ್ನಿಸಿತು.

ಇವರು ಹೊಳೆಯ ಕಡೆ ನೋಡಿದರು, ಗೋಡೆಯ ತುಂಡಿನ ಕಡೆ ನೋಡಿದರು. ಜಗಲಿಯ ಕಂಬ ಹಿಡಿದು ನಿಂತರು. ದೋಣಿಕಟ್ಟೆಗೆ ಇಳಿಯುವ ದಾರಿ ದೂರವೇನೂ ಇರಲಿಲ್ಲ. ಇಳಿಯಲಿಲ್ಲ. ಕೊನೆಗೆ, ಯಾರಿಗೋ ಹೇಳುವ ಹಾಗೆ, ಅಂದರು:

"ಎಲ್ಲಿದೆ ಅದು?"

"ಯಾವುದು?"

"ಅದೇ. ಆ ಸಾಮಾನು."

"ಯಾವ ಸಾಮಾನು? ಹೆಸರಿಲ್ವಾ ಅದಕ್ಕೆ?"

ಇವರ ಎದೆ ಗುಯ್‌ಗುಡುತ್ತಿತ್ತು. ನನ್ನ ಕಾಲು ತಾನಾಗಿ ಒಳಗೆ ಹೋಗ ನೋಡಿತು, ಬಟ್ಟಲಿಗೆ ಔಷಧಿ ಬಿಡಲು, ಎಲ್ಲ ಸಿದ್ಧ ಮಾಡಿಕೊಡಲು, ಅದಕ್ಕೂ ಅಭ್ಯಾಸ. ನಾನು ಕಾಲನ್ನು ನಿಲ್ಲಿಸಿದೆ.

"ಹೊಂದಿಕೆ," ಅಂದರು.

"ಚೀಲದಲ್ಲಿದೆ. ಒಳಗಿನ ಗೂಟಕ್ಕೆ ನೇತುಹಾಕಿದ್ದೀನಿ. ತಗೊಳ್ಳಿ."

ನಾನು ಗಂಜಿ ತೆಗೆದುಕೊಂಡು ಪ್ರಭಾಳ ಪಕ್ಕ ಹೋಗಿ ಕೂತೆ. ಇವರು ನಮ್ಮನ್ನು ದಾಟಿಕೊಂಡು ಹೋಗಿ ಚೀಲದಲ್ಲಿ ಕೈಯಾಡಿಸಿದರು. ಬೇಕಾಗಿಯೇ ತಡಕಿ ತಡಕಿ ತೆಗೆದರು, ಸದ್ದಾಗದ ಹಾಗೆ, ಗೆಜ್ಜೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು. ಜಗಲಿಗೆ ಬಂದು ಮನೆಯ ಗೋಡೆಯ ಹತ್ತಿರ ಮೊಣಕಾಲೂರಿ ಕೂತು ಚುಚ್ಚಿದರು, ಮೊದಲು ತಲೆಕೆಳಗಾಗಿ, ಆಮೇಲೆ ಸರಿಯಾಗಿ. ಔಷಧಿ ಬಿಟ್ಟುಕೊಂಡರು. ಡಬ್ಬಿ ಗುರ್ ಅಂತ ಶುರುವಾಯಿತು. ಗೋಡೆ ಅದುರಿತು, ಕೆಂಪು ಹೊಂದಿಕೆ ಅದುರಿತು, ಗೆಜ್ಜೆ ಝಲ್ ಝಲ್ ಅಂತ ಬೀದಿಗೆಲ್ಲ ಕೇಳುವ ಹಾಗೆ ಉಲಿಯತೊಡಗಿತು, ಪಕ್ಕದ ಮನೆಯ ಕಿಟಕಿ ಒಂದು ತೆರೆಯಿತು, ಯಾರೋ ಕೂಗಿ ಕೇಳಿದರು, ಯಾರಮ್ಮಾ ಅದು, ಹೊಸದಾಗಿ ಬಂದವರು?